ಮುಗಿಯದ ಬುಧವಾರ

ಕೆಮಿಯಾರ್ವಿ ಸರೋವರ ಹೆಪ್ಪುಗಟ್ಟಿ ಮೂರು ತಿಂಗಳು.
ಶೆಡ್ಡಿನ ಹೊರಗೆ ಮೈನಸ್ ಇಪ್ಪತ್ತೇಳು,
ಒಳಗೆ ಹೀಟರಿನ ದಯೆಯಿಂದ ಮೈನಸ್ ನಾಲ್ಕು.
ಸಾಬ್ ಕಾರಿನ ಬಾನೆಟ್ಟಿಗೆ ಕಂಬಳಿ ಹೊದಿಸಿದ್ದೇನೆ,
ಜ್ವರ ಬಂದ ಕರುವಿಗೆ ಗೋಣಿ ಹೊದಿಸಿದ ಹಾಗೆ.

ಈ ಎಂಜಿನ್ನಿನ ಮಾತು ಬಲ್ಲ ತಂತ್ರಾಂಶ ಒಂದೇ ಒಂದು.
ಬರೆದ ಕಂಪನಿ ಮುಚ್ಚಿಹೋಯಿತು;
ಅದು ಕೂರಬಲ್ಲ ವಿಂಡೋಸನ್ನು ಹೆತ್ತವರೇ ಕೈಬಿಟ್ಟರು;
ಲೈಸೆನ್ಸ್ ತೀರಿದ್ದು ಎರಡು ಸಾವಿರದ ಒಂಬತ್ತರ ಮಾರ್ಚಿಗೆ.
ಹಾಗಾಗಿ ನನ್ನ ಲ್ಯಾಪ್‌ಟಾಪಿನೊಳಗೆ
ಇನ್ನೊಂದು ಕಂಪ್ಯೂಟರನ್ನು ಸಾಕಿದ್ದೇನೆ:
ಮೈಯಿಲ್ಲ, ಫ್ಯಾನಿಲ್ಲ, ಧೂಳು ಕೂರಲು ಕೀಲಿಮಣೆಯಿಲ್ಲ.
ತಾನೊಂದು ಪೆಟ್ಟಿಗೆಯೆಂದೇ ಅದು ನಂಬಿದೆ.
ನಾನೂ ತಿದ್ದಲು ಹೋಗಿಲ್ಲ.

ಎಬ್ಬಿಸಿದಾಗಲೆಲ್ಲ ಅದಕ್ಕೆ
ಫೆಬ್ರವರಿ ಹನ್ನೊಂದು, ಬುಧವಾರ, ಸಂಜೆ ನಾಲ್ಕು ನಲವತ್ತು.
ಲೈಸೆನ್ಸ್ ಉಳಿಯಲೆಂದು ಗಡಿಯಾರಕ್ಕೆ ಗೂಟ ಹೊಡೆದವನು ತೈಸ್ತೊ.
ಆ ಬುಧವಾರ ನಾನು ಏಳನೇ ತರಗತಿ, ಹಲ್ಲಿಗೆ ತಂತಿ.
ಅವನ ಎರಡೂ ಕಿವಿ ನೆಟ್ಟಗಿದ್ದವು.

ಕೇಬಲ್ಲಿನದೇ ಒಂದು ರಗಳೆ.
ಚುಚ್ಚಿದೊಡನೆ ಹೊರಗಿನ ಕಂಪ್ಯೂಟರ್ ಕಬಳಿಸುತ್ತದೆ,
ಸೊಸೆಗೆ ಬಂದ ಫೋನನ್ನು ಅತ್ತೆ ಎತ್ತಿಕೊಂಡ ಹಾಗೆ.
ಬೇಡಿ, ಬಯ್ದು, ಕಿತ್ತು, ಮತ್ತೆ ಚುಚ್ಚಿ
ಅಂತೂ ಒಳಗಿನದಕ್ಕೆ ದಾಟಿಸಿದೆ.
ಕೈಗೆ ದಕ್ಕದ್ದನ್ನು ಕನ್ನಡಿಯೊಳಗಿನ ಗಂಟು ಅನ್ನುತ್ತಾರಲ್ಲ,
ಇದು ದಕ್ಕುತ್ತದೆ.
ಕನ್ನಡಿಯೊಳಗೆ ಕೈಯಿಟ್ಟು ತಿರುಚಿದರೆ
ಹೊರಗಿನ ಕಬ್ಬಿಣ ನರಳುತ್ತದೆ.

ತೆರೆಯ ಮೇಲೆ ಇಂಧನದ ಕೋಷ್ಟಕ:
ಅಡ್ಡಕ್ಕೆ ವೇಗ, ಉದ್ದಕ್ಕೆ ಒತ್ತಡ,
ಹದಿನಾರು ಸಾಲು, ಸಾಲಿಗೆ ಹದಿನಾರು ಮನೆ.
ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ;
ನಾಲ್ಕು ಸಾವಿರದ ಎಂಟುನೂರರ ಹತ್ತಿರ ಮಾತ್ರ
ಒಂದು ಮನೆ ಉಬ್ಬಿಕೊಂಡಿದೆ.
ಅಲ್ಲಿ ತೈಸ್ತೊ ಪೆಟ್ರೋಲ್ ಸುರಿದಿದ್ದಾನೆ,
ಬೀಗರ ಎಲೆಗೆ ತುಪ್ಪ ಸುರಿದ ಹಾಗೆ.

ಭಾನುವಾರ ಐಸಿನ ಮೇಲೆ ರೇಸು. ನನಗೆ ಚುರುಕು ಬೇಕು.
ಉಬ್ಬನ್ನು ಅಕ್ಕಪಕ್ಕದ ಮಟ್ಟಕ್ಕೆ ಇಳಿಸಿದೆ.
ಭಯವೇನು? ಒಳಗಿನ ಯಂತ್ರದ ಒಂದೊಂದು ಸ್ಥಿತಿಗೂ
ನಕಲು ತೆಗೆದಿಟ್ಟಿದ್ದೇನೆ:
ಕೆಟ್ಟರೆ ಹಿಂದಕ್ಕೆ, ಮತ್ತೂ ಕೆಟ್ಟರೆ ಇನ್ನೂ ಹಿಂದಕ್ಕೆ.
ಇಪ್ಪತ್ತೆರಡು ಬುಧವಾರಗಳು ಸಾಲಾಗಿ ಕೂತಿವೆ.

ತೈಸ್ತೊ ಬಂದ, ಐಸು ಕೊರೆಯುವ ಬೈರಿಗೆ ಹೆಗಲಲ್ಲಿ.
ಬಲಗಿವಿ ಪೂರ್ತಿ ಹೋಗಿದೆ, ಎಡದ್ದು ಅರ್ಧ.
ಎಂಜಿನ್ನಿಗೆ ತಾಮ್ರದ ಕೊಳವೆ ಬಿಗಿದು
ರಬ್ಬರ್ ನಳಿಗೆಯ ತುದಿಯನ್ನು ಕಿವಿಗಿಟ್ಟು
ಸಿಲಿಂಡರಿನ ಒಳಬಡಿತ ಕೇಳುತ್ತಿದ್ದವನು.
ಪಕ್ಕದ ಸೀಟಿನಲ್ಲಿ ಕೂತ, ತೊಡೆಯ ಮೇಲೆ ಲ್ಯಾಪ್‌ಟಾಪು,
ಬರಿಗೈ ಡ್ಯಾಶ್‌ಬೋರ್ಡಿನ ಮೇಲೆ.

ಸರೋವರದ ಮೇಲೆ ಮೂರನೇ ಗೇರು. ನಾಲ್ಕು ಸಾವಿರ.
ನಾಲ್ಕೂವರೆ. ಅದಕ್ಕೂ ಸ್ವಲ್ಪ ಮೇಲೆ
ಅವನು ನನ್ನ ಮೊಣಕೈಗೆ ಬಾರಿಸಿದ: ಬಿಡು!
ಕಾಲೆತ್ತಿದೆ. ಕಾರು ತೇಲಿಕೊಂಡು ಹೋಗಿ ನಿಂತಿತು.
ಏನು ಕೇಳಿತು ನಿನಗೆ?
ಕೇಳಲಿಲ್ಲ, ಅಂದ. ಹಲ್ಲಿಗೆ ಬಂತು.
ಮೂರನೆಯದರ ಇಂಜೆಕ್ಟರು ಮೊದಲಿಂದಲೂ ಸೋಮಾರಿ.
ಅದಕ್ಕೇ ಅಷ್ಟು ಸುರಿದಿದ್ದೆ.
ಎಲ್ಲಿಯೂ ಬರೆದಿಡಲಿಲ್ಲ; ನನಗೆ ಗೊತ್ತಿತ್ತಲ್ಲ.

ಶೆಡ್ಡಿಗೆ ಬಂದು ಬುಧವಾರವನ್ನು ಹಿಂದಕ್ಕೆ ಕರೆದೆ.
ಬಂತು, ಏನೂ ಅರಿಯದ ಹಾಗೆ, ಉಬ್ಬಿನ ಸಮೇತ.
ಮೂರನೆಯ ಪ್ಲಗ್ಗನ್ನು ಬಿಚ್ಚಿ ದೀಪಕ್ಕೆ ಹಿಡಿದೆವು:
ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ
ಬೆಳ್ಳಿ ಚುಕ್ಕೆ, ಎರಡು, ಅಲ್ಲ ಮೂರು.
ಪಿಸ್ಟನ್ನಿನ ಚರ್ಮ.
ಅದಕ್ಕೆ ನಕಲಿಲ್ಲ.

ತೈಸ್ತೊ ಬಯ್ಯಲಿಲ್ಲ. ತೆರೆಯ ಮೂಲೆಯ ತಾರೀಖನ್ನು
ಕನ್ನಡಕ ಏರಿಸಿ ನೋಡಿದ, ನಕ್ಕ.
ಆವತ್ತು ಮೀನಿನ ಸಾರು ಒಲೆಯ ಮೇಲಿಟ್ಟು ಇಲ್ಲಿ ಕೂತಿದ್ದೆ,
ತಳ ಹಿಡಿದು ಪಾತ್ರೆಯನ್ನೇ ಎಸೆಯಬೇಕಾಯಿತು.
ಇದರೊಳಗೆ ಇನ್ನೂ ತಳ ಹಿಡಿದಿಲ್ಲ ಬಿಡು, ಅಂದೆ
ಅವನ ಬಲಗಿವಿಯ ಕಡೆಯಿಂದ.

ಪ್ಲಗ್ಗನ್ನು ಕೋಟಿನ ಜೇಬಿಗಿಳಿಸಿ
ಬೈರಿಗೆ ಹೊತ್ತು ಐಸಿನತ್ತ ನಡೆದ.